ಜಪಾನಿ ಕಾರ್ಟೂನಿನ ಕೊನೆಗೆ ಅಪ್ಪಯ್ಯ

ಈಗ ಅದಕ್ಕೆ ಅನಿಮೆ ಎನ್ನುತ್ತಾರಂತೆ. ಎಂಬತ್ತರ ದಶಕದ ಸಾಗರದಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರುತ್ತಿದ್ದ ನಾಲ್ವರು ಪಂಡಿತರು ಅದನ್ನು ‘ಜಪಾನಿ’ ಎಂದಷ್ಟೇ ಕರೆಯುತ್ತಿದ್ದರು. ‘ಇವತ್ತು ಜಪಾನಿ ಇದೆ’ ಎಂದರೆ ನಾನು ದೊಡ್ಡ ಪಾತ್ರೆಯಲ್ಲಿ ಅವಲಕ್ಕಿ ಕಲಸಬೇಕು ಎಂದು ಅರ್ಥ. ನಾಲ್ವರಲ್ಲಿ ಒಬ್ಬರಿಗೂ ಆ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ. ಅದರಿಂದ ಅವರ ಪಾಂಡಿತ್ಯಕ್ಕೆ ಏನೂ ಅಡ್ಡಿಯಾಗಲಿಲ್ಲ.

ಮೊದಲನೆಯವರು ನಮ್ಮ ಮನೆಯವರು. ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದರು, ವಿಸಿಆರ್ ಅವರದು. ಎರಡನೆಯವರು ತೀರ್ಥಹಳ್ಳಿಯ ಬಟ್ಟೆ ಅಂಗಡಿಯ ಸಾಹುಕಾರರು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಭಾವಮೈದುನ ಸಿಂಗಪುರದಿಂದ ಕ್ಯಾಸೆಟ್ಟು ತಂದುಕೊಡುತ್ತಿದ್ದ. ಹೊಸನಗರದಿಂದ ಒಬ್ಬ ಬ್ಯಾಂಕ್ ಗುಮಾಸ್ತರು ಬರುತ್ತಿದ್ದರು, ಯಾರು ಏನು ಹೇಳಿದರೂ ತಲೆಯಾಡಿಸಲು. ಇನ್ನು ಕಾಲೇಜಿನ ಮೇಷ್ಟ್ರು. ಇವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಭಾಗವತರು ಒಂದು ಪದ್ಯ ಹಾಡಿ ಬಿಟ್ಟರೆ, ವೇಷವಿಲ್ಲದೆ ಕುಳಿತಲ್ಲೇ ಅದರ ಮೇಲೆ ಮಾತು ಹೊಸೆಯುತ್ತ ಹೋಗುವುದು ಆ ಕಲೆ. ತಾಳಮದ್ದಳೆಯಲ್ಲಾದರೆ ಎದುರು ಇನ್ನೊಬ್ಬ ಅರ್ಥಧಾರಿ ಇರುತ್ತಾನೆ, ತಪ್ಪು ಹೇಳಿದರೆ ಹಿಡಿದು ನಿಲ್ಲಿಸುತ್ತಾನೆ. ಟಿವಿಯೊಳಗಿನ ಜಪಾನಿ ಹುಡುಗಿ ತಿರುಗಿ ಮಾತಾಡುವುದಿಲ್ಲವಲ್ಲ, ಮೇಷ್ಟ್ರಿಗೆ ಹಬ್ಬ.

ಅವರ ಚರ್ಚೆ ಕೇಳಬೇಕಿತ್ತು. ಹಳೆಯ ಕಪ್ಪುಬಿಳುಪಿನ ಒಂದು ಕ್ಯಾಸೆಟ್ಟಿತ್ತು, ಕಬ್ಬಿಣದ ಮನುಷ್ಯ ಊರು ಉಳಿಸುವ ಕಥೆ. ಆಮೇಲೆ ಬಂದವು ಬಣ್ಣದವು. ಹಳೆಯದರಲ್ಲಿ ಗೆರೆ ಇದೆ, ಹೊಸದರಲ್ಲಿ ಬರೀ ಬಣ್ಣ ಬಳಿದಿದ್ದಾರೆ ಎಂದು ಮೇಷ್ಟ್ರು. ಹೊಸದರಲ್ಲಿ ಕಣ್ಣು ದೊಡ್ಡದು, ಅದಕ್ಕೇ ದುಃಖ ಚೆನ್ನಾಗಿ ಕಾಣುತ್ತದೆ ಎಂದು ಸಾಹುಕಾರರು. ಹುಟ್ಟಿದಾಗಿನಿಂದ ಪೆನ್ಸಿಲ್ಲಿನಲ್ಲಿ ಒಂದು ಬೆಕ್ಕು ಬರೆಯದ ಜನ ಗೆರೆಯ ವಿಷಯಕ್ಕೆ ಮುಖ ಕೆಂಪಗೆ ಮಾಡಿಕೊಂಡು ಜಗಳವಾಡುತ್ತಿದ್ದರು. ಬ್ಯಾಂಕಿನವರು ಇಬ್ಬರಿಗೂ ತಲೆಯಾಡಿಸುತ್ತಿದ್ದರು. ನಾನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ನೋಡುತ್ತಿದ್ದೆ, ನನಗೂ ಆ ಚಿತ್ರಗಳೆಂದರೆ ಜೀವ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಮಾತು ಹುಟ್ಟಿದ್ದು ಕೊನೆಯೇ ಇಲ್ಲದ ಒಂದು ಚಿತ್ರದ ಮೇಲೆ. ಹಳೇ ಕಾಲದ ಉಡುಪಿನ ಒಬ್ಬ ಹುಡುಗಿ, ಮನೆ ಬಿಟ್ಟು ಹೋದ ಒಬ್ಬ ಮನುಷ್ಯನನ್ನು ಹುಡುಕಿಕೊಂಡು ಹಿಮದ ಬೆಟ್ಟ ಹತ್ತುತ್ತಾಳೆ. ಕೊನೆಗೆ ಹಗ್ಗದ ಸೇತುವೆಯ ಆಚೆ ತುದಿಯಲ್ಲಿ ಅವನ ಬೆನ್ನು ಕಾಣುತ್ತದೆ. ಅವಳು ‘ಚಿಚಿಯುವೇ!’ ಎಂದು ಕೂಗುತ್ತಾಳೆ. ಅಲ್ಲಿಗೆ ಚಿತ್ರ ಕಡಿದುಹೋಗಿ, ಪರದೆ ಒಂದು ಸಲ ನಡುಗಿ, ನನ್ನ ಮದುವೆ ಶುರುವಾಗುತ್ತದೆ.

ಹೌದು, ನನ್ನ ಮದುವೆ. ತೀರ್ಥಹಳ್ಳಿಯ ಕಲ್ಯಾಣ ಮಂಟಪದಲ್ಲಿ ಧಾರೆಯ ಹೊತ್ತಿಗೆ ವಿಡಿಯೋದವನ ಕ್ಯಾಸೆಟ್ಟು ಯಂತ್ರದೊಳಗೆ ಸಿಕ್ಕಿಕೊಂಡು ಹರಿದುಹೋಯಿತು. ಸಾಹುಕಾರರು ಉಪಕಾರ ಮಾಡಲು ಮನೆಗೆ ಓಡಿ, ಕೈಗೆ ಸಿಕ್ಕಿದ ಒಂದನ್ನು ತಂದುಕೊಟ್ಟರು. ಅದು ಹಿಂದಿನ ಭಾನುವಾರ ಇದೇ ಪಂಡಿತರು ನೋಡುತ್ತಿದ್ದಾಗ ಕರೆಂಟು ಹೋಗಿ ಅರ್ಧಕ್ಕೆ ನಿಂತಿದ್ದ ಜಪಾನಿ. ಅದು ಬರುವಷ್ಟರಲ್ಲಿ ಧಾರೆ ಮುಗಿದಿತ್ತು, ಚಿತ್ರ ನಿಂತಲ್ಲಿಂದಲೇ ಮುಂದಿನ ಮದುವೆ ರೆಕಾರ್ಡಾಯಿತು. ಹೀಗಾಗಿ ಆ ಚಿತ್ರದ ಕೊನೆಯನ್ನು ಯಾರೂ ನೋಡಲಿಲ್ಲ. ತಪ್ಪು ಯಾರದು ಎಂದು ಕೇಳಿದರೆ, ನನ್ನದು.

“ಇವರ ಮದುವೆ ಒಂದು ಆಗ್ದೇ ಇದ್ದಿದ್ರೆ ಕಥೆ ಗೊತ್ತಾಗ್ತಿತ್ತು ಮಾರಾಯ್ರೇ,” ಎಂದು ಸಾಹುಕಾರರು ಪ್ರತಿ ಸಲ ನಗುತ್ತಿದ್ದರು. ನಮ್ಮ ಮನೆಯವರೂ ಜೊತೆಗೆ ನಗುತ್ತಿದ್ದರು, ಆ ಮದುವೆಯಲ್ಲಿ ಗಂಡು ಬೇರೆ ಯಾರೋ ಎಂಬ ಹಾಗೆ.

ಮೇಷ್ಟ್ರು ಇಷ್ಟಕ್ಕೆ ಸುಮ್ಮನಿರುವವರೇ? ಹುಡುಗಿ ಕೂಗಿದ್ದು ಅವರ ಕಿವಿಗೆ ‘ಛೀ ಛೀ’ ಎಂದು ಕೇಳಿತು. ಅಷ್ಟು ಸಾಕಾಯಿತು. ಆ ಮನುಷ್ಯ ಮನೆಗೆ ದ್ರೋಹ ಬಗೆದು ಓಡಿಹೋದವನು, ಹುಡುಗಿ ಬಂದದ್ದು ಅವನ ಮುಖಕ್ಕೆ ಉಗಿಯಲು, ಮುಂದಿನ ದೃಶ್ಯದಲ್ಲಿ ಸೇತುವೆಯ ಹಗ್ಗ ಕಡಿಯುತ್ತಾಳೆ ಎಂದು ಅರ್ಥ ಹೇಳಿಬಿಟ್ಟರು. ವರ್ಷಗಳಾದ ಮೇಲೆ ಜಪಾನಿ ಕಲಿತ ಒಬ್ಬರು ನನಗೆ ತಿಳಿಸಿದರು: ‘ಚಿಚಿ’ ಎಂದರೆ ಅಪ್ಪ, ಹಿಂದಿನ ಕಾಲದ ದೊಡ್ಡ ಮನೆಗಳಲ್ಲಿ ಮಕ್ಕಳು ಅಪ್ಪನನ್ನು ‘ಚಿಚಿಯುವೇ’ ಎಂದೇ ಕರೆಯುತ್ತಿದ್ದರು. ಅಪ್ಪಾ ಎಂದು ಕೂಗಿದವಳ ಬಾಯಲ್ಲಿ ಇವರು ಛೀಮಾರಿ ಇಟ್ಟರು. ಹೊಸನಗರದವರು ಅದಕ್ಕೂ ತಲೆಯಾಡಿಸಿದರು.

ಪಂಡಿತರಿಗೆ ಬೇಡವಾದ ಆ ಮದುವೆಯ ತುಂಡಿನಲ್ಲಿ ನನಗೆ ಬೇಕಾದ ಒಂದೇ ಒಂದು ವಸ್ತು ಇತ್ತು. ಹುಡುಗಿ ಕೂಗಿದ ತಕ್ಷಣ ಪರದೆಯ ಮೇಲೆ ಬರುವವರು ನನ್ನ ಅಪ್ಪಯ್ಯ. ಧಾರೆ ಎರೆದು ಮುಗಿಸಿ, ವಿಡಿಯೋ ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಶಲ್ಯದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನೇರ ಕ್ಯಾಮರಾದ ಹತ್ತಿರ ಬರುತ್ತಾರೆ. ಅದು ಮಾತನ್ನೂ ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕ್ಯಾಮರಾ ಹೊತ್ತವನನ್ನು, “ಬೆಳಿಗ್ಗೆಯಿಂದ ನಿಂತೇ ಇದ್ದೀಯಲ್ಲೋ, ಊಟ ಆಯ್ತಾ ನಿಂದು?” ಎಂದು ಕೇಳುತ್ತಾರೆ. ಆಮೇಲೆ ಮಂಟಪದ ತುಂಬ ಓಡಾಡುತ್ತಾರೆ, ಯಾರದೋ ಹೆಗಲ ಮೇಲೆ ಕೈ ಹಾಕುತ್ತಾರೆ, ಒಂದು ಸಲ ನನ್ನ ಕಡೆ ನೋಡಿ ಬೇಗ ಮುಖ ತಿರುಗಿಸುತ್ತಾರೆ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಫೋಟೋ ನಾಲ್ಕಾರು ಇವೆ, ಎಲ್ಲದರಲ್ಲೂ ಕಂಬದ ಹಾಗೆ ನಿಂತಿದ್ದಾರೆ. ನಡೆಯುವ, ಮಾತಾಡುವ ಅಪ್ಪಯ್ಯ ಉಳಿದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಅವರನ್ನು ನೋಡಲೆಂದೇ ಅಮ್ಮ ಆಗಾಗ ನನ್ನ ತವರೂರು ಮೇಳಿಗೆಯಿಂದ ಹೊರಟು, ಹೊಸನಗರದಲ್ಲಿ ಬಸ್ಸು ಬದಲಿಸಿ ಸಾಗರಕ್ಕೆ ಬರುತ್ತಿದ್ದಳು. ಮೊದಲ ಸಲ ನಮ್ಮ ಮನೆಯವರು ಕಾರ್ಟೂನು ದಾಟಿಸಲು ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸುತ್ತ ಮದುವೆಗೂ ನುಗ್ಗಿಸಿಬಿಟ್ಟರು. ಅಪ್ಪಯ್ಯ ಗೊಂಬೆಯಂತೆ ದುಡುದುಡು ಓಡಿದ್ದನ್ನು ಕಂಡು ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಓಡಿಸಲು ಬಿಡಲೇ ಇಲ್ಲ. “ಮೊದ್ಲಿಂದ ಹಾಕು. ಅವ್ರು ಬರೋ ಹೊತ್ತಿಗೆ ಬರ್ಲಿ,” ಎನ್ನುವಳು. ಹಾಗೆ ಇಡೀ ಜಪಾನಿ ಚಿತ್ರ ಅಮ್ಮನಿಗೆ ಬಾಯಿಪಾಠವಾಯಿತು. ಹುಡುಗಿ ಹಿಮದಲ್ಲಿ ಜಾರಿದರೆ “ಅಯ್ಯೋ” ಎನ್ನುವಳು, ಜಾರುತ್ತಾಳೆಂದು ಗೊತ್ತಿದ್ದೂ.

ಒಂದು ಭಾನುವಾರ ಪಂಡಿತರ ಸಭೆ ಕೂಡಿದಾಗ ಅಮ್ಮ ಅಲ್ಲೇ ಇದ್ದಳು. ಮೇಷ್ಟ್ರು ಎಂದಿನಂತೆ ಛೀ ಛೀಯ ಅರ್ಥ ಹೊಸೆಯುತ್ತಿದ್ದರು.

“ಬೈಯೋದಲ್ಲ ಅದು. ಕರಿಯೋದು,” ಎಂದಳು ಅಮ್ಮ.

ಮೇಷ್ಟ್ರು ಮಕ್ಕಳಿಗೆ ಹೇಳುವ ದನಿಯಲ್ಲಿ, “ಅಮ್ಮಾ, ಛೀ ಅನ್ನೋದು ಎಲ್ಲಾ ಭಾಷೆಲೂ ಒಂದೇ,” ಎಂದರು. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಮೃದುವಾಗಿ ಹೇಳಲು ಕಾಲೇಜಿನಲ್ಲಿ ಪಾಠ ಮಾಡಿಯೇ ಕಲಿಯಬೇಕು. ನನಗೆ ಅವಲಕ್ಕಿಯ ಪಾತ್ರೆಯನ್ನು ಅವರ ತಲೆಯ ಮೇಲೆ ಮಗುಚುವಷ್ಟು ಸಿಟ್ಟು ಬಂದಿತ್ತು.

ವಿಡಿಯೋ ಕ್ಯಾಸೆಟ್ಟಿನ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಒಂದು ಸಣ್ಣ ಚಕ್ಕೆ ಇರುತ್ತಿತ್ತು. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಏನೂ ರೆಕಾರ್ಡಾಗುವುದಿಲ್ಲ. ಅಂಗಡಿಗೆ ಬಂದ ಯಾರಿಗೋ ನಮ್ಮ ಮನೆಯವರು ವಿವರಿಸುತ್ತಿದ್ದುದನ್ನು ಕೇಳಿಸಿಕೊಂಡು, ಮನೆಗೆ ಬಂದವಳೇ ಚಾಕುವಿನ ತುದಿಯಿಂದ ಅದನ್ನು ಮುರಿದು ಹಾಕಿದೆ. ಮೇಲಿನ ಚೀಟಿಯಲ್ಲಿ ‘ಅಪ್ಪಯ್ಯ’ ಎಂದು ಬರೆದೆ. ನಮ್ಮ ಮನೆಯವರು ಎದುರಿಗೇ ಇದ್ದರು, ನೋಡಿದರು. ಇನ್ನು ಭಯವಿಲ್ಲ ಎಂದುಕೊಂಡೆ.

ಮಾರನೆಯ ವರ್ಷ ಹಡಗಿನ ಭಾವಮೈದುನ ರಜೆಗೆ ಬಂದ. ಅವನ ಗೆಳೆಯನೊಬ್ಬನ ಹತ್ತಿರ ಇದೇ ಚಿತ್ರ ಪೂರ್ತಿ ಇದ್ದು, ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದನಂತೆ. ಆ ಭಾನುವಾರ ನಾನು ನೆರೆಮನೆಯವರ ಜೊತೆ ವರದಹಳ್ಳಿಗೆ ಹೋಗಿದ್ದೆ. ಮಧ್ಯಾಹ್ನ ಪ್ರಸಾದ ಹಿಡಿದುಕೊಂಡು ಮನೆಗೆ ಬಂದರೆ ಮೇಜಿನ ಮೇಲೆ ಎರಡು ವಿಸಿಆರ್, ನಡುವೆ ವೈರು. ಒಂದು ನಮ್ಮದು, ಒಂದು ಸಾಹುಕಾರರು ಹೊತ್ತು ತಂದದ್ದು.

“ಬಾ ಬಾ, ಕೂತ್ಕೋ, ಕೊನೆ ಬರ್ತಾ ಇದೆ!” ಎಂದರು ನಮ್ಮ ಮನೆಯವರು. ಮೊದಲ ಸಲ ನನಗೆ ಕುರ್ಚಿ ಸಿಕ್ಕಿತು.

ಕುಳಿತೆ. ಹುಡುಗಿ ಸೇತುವೆಯ ಬಳಿ ಬಂದು ಕೂಗಿದಳು. ಆಚೆ ದಡದ ಮನುಷ್ಯ ತಿರುಗಿದ. ಗಡ್ಡ ಬಿಟ್ಟ, ದಣಿದ ಮುದುಕ. ಅವಳು ಹಗ್ಗ ಕಡಿಯಲಿಲ್ಲ, ಉಗಿಯಲಿಲ್ಲ. ಸೇತುವೆಯ ಮೇಲೆ ಓಡಿಹೋಗಿ ಅವನ ತೋಳಿನ ಬಟ್ಟೆಗೆ ಮುಖ ಒತ್ತಿಕೊಂಡಳು. ಅವನು ಅವಳ ತಲೆಯ ಮೇಲಿನ ಹಿಮ ಕೊಡವಿದ. ಇಬ್ಬರೂ ಬೆಟ್ಟ ಇಳಿಯತೊಡಗಿದರು. ಅಷ್ಟೇ ಕಥೆ. ಎಷ್ಟೋ ಕಾಲದಿಂದ ನೋಡಬೇಕೆಂದಿದ್ದ ಕೊನೆ ಅದು, ಎಷ್ಟು ಚೆನ್ನಾಗಿತ್ತು.

ಮೇಷ್ಟ್ರು ಕಾಲು ಚಾಚಿ ಆಕಳಿಸಿದರು. “ಸಪ್ಪೆ. ನಾವು ಹೇಳ್ತಿದ್ದ ಕೊನೆನೇ ಚೆನ್ನಾಗಿತ್ತು,” ಎಂದರು.

“ಅಲ್ವಾ ಮತ್ತೆ,” ಎಂದರು ಹೊಸನಗರದವರು.

ನಮ್ಮ ಮನೆಯವರು ಎರಡನೆಯ ಯಂತ್ರದಿಂದ ಕ್ಯಾಸೆಟ್ಟು ತೆಗೆದರು. ಅದರ ಅಂಚಿಗೆ, ನಾನು ಚಕ್ಕೆ ಮುರಿದ ಜಾಗಕ್ಕೆ, ವೈರಿಗೆ ಸುತ್ತುವ ಕರಿ ಇನ್ಸುಲೇಶನ್ ಟೇಪ್ ಅಂಟಿಸಿದ್ದರು. ಹಾಗೆ ಮುಚ್ಚಿದರೆ ಯಂತ್ರ ಮೋಸಹೋಗಿ ಮತ್ತೆ ರೆಕಾರ್ಡು ಮಾಡುತ್ತದೆ ಎಂಬುದನ್ನು ಅಂಗಡಿಯಲ್ಲಿ ಅವರು ಹೇಳಿದ್ದು ನನಗೆ ಕೇಳಿಸಿರಲಿಲ್ಲ. ಚೀಟಿಯ ಮೇಲೆ ನನ್ನ ಅಕ್ಷರ ಹಾಗೇ ಇತ್ತು.

“ಭಾನುವಾರ ಅಲ್ವಾ, ಖಾಲಿ ಕ್ಯಾಸೆಟ್ ಎಲ್ಲೂ ಸಿಗ್ಲಿಲ್ಲ. ಕೇಳಿ ತಂದಿದ್ದು ಸಂಜೆ ಬಸ್ಸಿಗೆ ವಾಪಸ್ ಹೋಗ್ಬೇಕು,” ಎಂದರು.

“ಅಪ್ಪಯ್ಯ ಇದ್ರಲ್ರೀ ಅದ್ರಲ್ಲಿ.”

“ಆಲ್ಬಮ್ ಉಂಟಲ್ಲ ಮಾರಾಯ್ತಿ. ಅಷ್ಟಕ್ಕೂ ನಮ್ಮ ಮದುವೆನ ಯಾರು ನೋಡ್ತಾರೆ?”

ನಾಲ್ಕು ಮುಖಗಳನ್ನೂ ನೋಡಿದೆ. ಒಬ್ಬರ ಮುಖದಲ್ಲೂ ದುಷ್ಟತನವಿರಲಿಲ್ಲ, ಅದೇ ಅಸಹ್ಯ. ಇದ್ದದ್ದು ಅವಲಕ್ಕಿ ಯಾವಾಗ ಬರುತ್ತದೆ ಎಂಬ ನಿರೀಕ್ಷೆ. ಒಂದು ಹುಡುಗಿ ಅಪ್ಪನನ್ನು ಹುಡುಕುವ ಕಥೆಗಾಗಿ ಇನ್ನೊಬ್ಬಳ ಅಪ್ಪನನ್ನು ಅಳಿಸಿ, ಆಮೇಲೆ ಕಥೆ ಸಪ್ಪೆ ಎಂದ ಜನ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ದಿನದಿಂದ ನಮ್ಮ ಮನೆಯಲ್ಲಿ ಜಪಾನಿಗೆ ಅವಲಕ್ಕಿ ಕಲಸಲಿಲ್ಲ. ಸಭೆ ತಾನಾಗಿಯೇ ಮೇಷ್ಟ್ರ ಮನೆಗೆ ಎದ್ದುಹೋಯಿತು.

ಅಮ್ಮ ಬಂದದ್ದು ಅದಾಗಿ ಸ್ವಲ್ಪ ದಿನಕ್ಕೆ. ಕಾಲು ತೊಳೆದು ಒಳಗೆ ಬಂದು, ಕಾಫಿ ಕುಡಿದು ಲೋಟ ಕೆಳಗಿಟ್ಟವಳೇ, “ಹಾಕು ನೋಡುವ,” ಎಂದಳು. ಕ್ಯಾಸೆಟ್ಟು ಹಾಳಾಗಿದೆ ಎಂದೆ. “ಎಂತ ಹಾಳು? ಅಲ್ಲೇ ಕಾಣ್ತಾ ಇದೆ. ಹಾಕು,” ಎಂದಳು. ಹಾಕಿದೆ.

ಅಮ್ಮ ಮೊದಲಿನಿಂದ ನೋಡಿದಳು. ಹುಡುಗಿ ಜಾರಿದಾಗ ಅಯ್ಯೋ ಎಂದಳು. ಸೇತುವೆ ಬಂತು. ಅಮ್ಮ ಸೆರಗು ಸರಿಮಾಡಿಕೊಂಡು, ಮನೆಗೆ ಯಾರೋ ಬರುವ ಹೊತ್ತಾಯಿತು ಎಂಬಂತೆ ನೆಟ್ಟಗೆ ಕುಳಿತಳು. ಹುಡುಗಿ ಕೂಗಿದಳು. ಗಡ್ಡದ ಮುದುಕ ತಿರುಗಿದ. ಅಮ್ಮ ನನ್ನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು.

“ಅಮ್ಮಾ, ಅಪ್ಪಯ್ಯ ಇನ್ನು ಬರೋದಿಲ್ಲ. ಇವರು ಅದ್ರ ಮೇಲೇ ಇದನ್ನ ಹಿಡಿದ್ರು,” ಎಂದೆ.

ಅವಳು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು. ಹುಡುಗಿಯೂ ಮುದುಕನೂ ಬೆಟ್ಟ ಇಳಿದು ಹೋದರು. ಜಪಾನಿ ಅಕ್ಷರಗಳು ಹಾದುಹೋದವು. ಪರದೆ ನಡುಗಿತು. ಚಿತ್ರದ ಉಳಿದ ಭಾಗಕ್ಕಿಂತ ನನ್ನ ಮದುವೆ ಸ್ವಲ್ಪ ಉದ್ದವಿತ್ತು ಎಂಬುದು ನನಗೂ ಗೊತ್ತಿರಲಿಲ್ಲ. ಅಳಿಸದೆ ಉಳಿದ ಬಾಲದಲ್ಲಿ ಬಂದದ್ದು ಊಟದ ಪಂಕ್ತಿ. ಮೊದಲು ಕಂಡವರು ಮೇಷ್ಟ್ರು, ಪಕ್ಕದಲ್ಲಿ ಸಾಹುಕಾರರು, ಹೊಸನಗರದವರು. ಮೇಷ್ಟ್ರು ಎಲೆಗೆ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತಲೇ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಉಳಿದಿಬ್ಬರು ಬಾಯಿ ತುಂಬಿಕೊಂಡು ನಗುತ್ತಿದ್ದರು.

ಅಮ್ಮ ಎದ್ದು ಟಿವಿಯ ಹತ್ತಿರ ಹೋದಳು. ಬಗ್ಗಿ, ಆ ಮೂವರ ಹಿಂದೆ, ಕಂಬಗಳ ಆಚೆ, ಅಡುಗೆಯ ಬಾಗಿಲ ಕಡೆ ನೋಡಿದಳು.

“ಬಡಿಸೋದ್ರಲ್ಲಿ ಇದ್ದಾರೆ ಕಾಣ್ತದೆ,” ಎಂದಳು. “ಇವ್ರದ್ದೆಲ್ಲ ಊಟ ಆಗ್ಲಿ. ಆಮೇಲೆ ಬರ್ತಾರೆ.”