ಅತ್ತೆ ತಡೆದ ಬಸ್ಸು

"ಪ್ರಯಾಣಿಕರ ಗಮನಕ್ಕೆ. ಎಡಗಾಲಿಗೆ ಕಪ್ಪು ಚಪ್ಪಲಿ, ಬಲಗಾಲಿಗೆ ಹೆಂಡತಿಯ ಕೆಂಪು ಚಪ್ಪಲಿ ಹಾಕಿಕೊಂಡು ಎರಡನೇ ಪ್ಲಾಟ್‌ಫಾರಂನಲ್ಲಿ ಓಡಾಡುತ್ತಿರುವ ಯಜಮಾನರು ಕೂಡಲೇ ವಿಚಾರಣೆ ಕೊಠಡಿಗೆ ಬರಬೇಕು."

ಬಸ್ ನಿಲ್ದಾಣದಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು, ಆಮೇಲೆ ನೆಮ್ಮದಿಯಿಂದ ನನ್ನ ಕಾಲು ನೋಡಿದರು. ಕಡಲೆಕಾಯಿ ಮಾರುವವನಂತೂ ವ್ಯಾಪಾರ ಬಿಟ್ಟು ಬಗ್ಗಿ ನೋಡಿದ. ಬೆಳಿಗ್ಗೆ ಮನೆಯಿಂದ ಸಿಡಿಮಿಡಿಗುಟ್ಟುತ್ತಾ ಹೊರಟಿದ್ದೆ. ಸಿಟ್ಟು ಮೂಗಿನ ತುದಿಯಲ್ಲಿರುವಾಗ ಕಾಲಿನ ತುದಿ ಯಾರಿಗೆ ಕಾಣುತ್ತದೆ?

ಮೈಕಿನ ಹಿಂದಿದ್ದವರು ನನ್ನ ಸೋದರತ್ತೆ, ಅಪ್ಪನ ತಂಗಿ. ನಿಲ್ದಾಣದ ಮಹಡಿಯಲ್ಲಿ ವಿಚಾರಣೆ ಕೊಠಡಿಯೆಂಬ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವಾಗ ಎಂದು ಹೇಳುತ್ತಲೇ ಅವರ ತಲೆ ನರೆಯಿತು. ಈಗ ಬಸ್ಸುಗಳ ವಿಷಯ ಯಂತ್ರವೇ ಒದರುತ್ತದೆ. ಅತ್ತೆಯ ಪಾಲಿಗೆ ಉಳಿದಿರುವುದು ಕಳೆದುಹೋದ ಮಕ್ಕಳು, ಮರೆತುಹೋದ ಛತ್ರಿಗಳು ಮತ್ತು ನನ್ನಂಥವರು. ಈ ತಿಂಗಳು ಅವರಿಗೆ ನಿವೃತ್ತಿ ಎಂದು ನೋಡಿಕೊಂಡು ಹೋಗಲು ಬಂದಿದ್ದೆ.

ನಮ್ಮ ಮನೆಗೆ ಬಂದಾಗ ಅತ್ತೆ ಮಾತೇ ಆಡುತ್ತಿರಲಿಲ್ಲ. ಕೇಳಿದರೆ "ಅಲ್ಲಿ ಆಡಿ ಸಾಕಾಗಿರುತ್ತೆ" ಎನ್ನುತ್ತಿದ್ದರು. ಹೀಗಿದ್ದ ಅತ್ತೆ ಒಮ್ಮೆ ನಮ್ಮ ಮನೆಯ ಪರವಾಗಿ ಆಡಿದ ಮಾತು ಮಾತ್ರ ಇಡೀ ನಿಲ್ದಾಣಕ್ಕೆ ಕೇಳಿಸಿತ್ತು.

ಆಗ ಅತ್ತೆ ಕೆಲಸಕ್ಕೆ ಸೇರಿದ ಹೊಸತು. ಅಕ್ಕನಿಗೆ ಹದಿನೈದು, ನಾನು ಇನ್ನೂ ನಿಕ್ಕರಿನವನು. ಅಪ್ಪ ಅಮ್ಮ ಮಾತು ಬಿಟ್ಟಿದ್ದರು. ಅಪ್ಪ ತಮ್ಮ ಸ್ಕೂಟರನ್ನು ನಮ್ಮ ಸೋದರಮಾವನಿಗೆ ಕೊಡಲಿಲ್ಲವೆಂದೋ, ಕೊಟ್ಟು ಆಡಿಕೊಂಡರೆಂದೋ ಶುರುವಾದದ್ದು. ಆದರೆ ಸಂಸಾರ ನಡೆಯಬೇಕಲ್ಲ. ಊಟದ ಕೋಣೆಯಲ್ಲಿ ಒಬ್ಬರ ಮೊಣಕೈ ಒಬ್ಬರಿಗೆ ತಾಗುವಷ್ಟು ಹತ್ತಿರ ಕೂತಿದ್ದರೂ ಅಕ್ಕನ ಮೂಲಕವೇ ವ್ಯವಹಾರ.

"ನಿಮ್ಮಮ್ಮನಿಗೆ ಹೇಳು, ಅನ್ನ ಮುದ್ದೆಯಾಗಿದೆ ಅಂತ."

"ನಿಮ್ಮಪ್ಪನಿಗೆ ಹೇಳು, ಹಲ್ಲಿಲ್ಲದವರಿಗೆ ಒಳ್ಳೇದೇ ಅಂತ."

ಮೊದಮೊದಲು ನನಗೂ ಈ ಕೆಲಸ ಕೊಟ್ಟಿದ್ದರು. ನಾನು ಪ್ರತಿ ಮಾತಿಗೂ ಸ್ವಲ್ಪ ಖಾರ ಸೇರಿಸಿ ಒಪ್ಪಿಸುತ್ತಿದ್ದುದರಿಂದ ಬೇಗನೆ ವಜಾ ಆದೆ. ಅಕ್ಕ ತದ್ವಿರುದ್ಧ. "ಅನ್ನ ಚೆನ್ನಾಗಿದೆಯಂತಮ್ಮ" ಎಂದು ಬೆಣ್ಣೆ ಹಚ್ಚಿ ತಲುಪಿಸುತ್ತಿದ್ದಳು. ಸಿಕ್ಕಿಬಿದ್ದರೆ ಇಬ್ಬರಿಂದಲೂ ಬೈಗುಳ. ಅಷ್ಟರ ಮಟ್ಟಿಗೆ ಅವರಿಬ್ಬರೂ ಒಂದೇ ಪಕ್ಷ.

ಒಂದು ಸಂಜೆ ಅಕ್ಕ ಹೊಟ್ಟೆ ಹಿಡಿದುಕೊಂಡು ಬಂದು, "ಅಪ್ಪಾ, ಹೊಟ್ಟೆ ನೋಯ್ತಿದೆ" ಎಂದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾರು ಹೇಳಿ ಕಳಿಸಿದ್ದು, ನಿಮ್ಮಮ್ಮನಾ?" ಎಂದರು. ಅಡುಗೆಮನೆಗೆ ಹೋಗಿ ಅಮ್ಮನಿಗೂ ಹೇಳಿದಳು. "ನಿಮ್ಮಪ್ಪನಿಗೆ ಹೇಳು, ಈ ನಾಟಕ ಎಲ್ಲಾ ಬೇಡ" ಎಂಬ ಉತ್ತರ ಬಂತು. ಅಕ್ಕ ಆ ಉತ್ತರವನ್ನು ಅಪ್ಪನಿಗೆ ಒಯ್ಯಲಿಲ್ಲ. ಬಂದು ನನ್ನ ಪಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಭಾನುವಾರ. ಗಾಜಿನ ಗೂಡಿನಿಂದ ಅತ್ತೆ ಕಂಡದ್ದು, ರಜಾದಿನದಲ್ಲಿ ಉಬ್ಬಿದ ಶಾಲೆಯ ಚೀಲ ಹೊತ್ತು, ದೂರದೂರಿಗೆ ಹೋಗುವ ಬಸ್ಸಿನ ಮುಂದೆ ನಿಂತಿದ್ದ ಅಣ್ಣನ ಮಗಳನ್ನು. ಬೇರೆಯವರಾಗಿದ್ದರೆ ಕೂಗಿಕೊಂಡು ಕೆಳಗೆ ಓಡುತ್ತಿದ್ದರು. ಅತ್ತೆ ಡ್ರೈವರಿಗೆ ಕೈಸನ್ನೆ ಮಾಡಿ ಮೈಕು ಒತ್ತಿದರು. "ತಾಂತ್ರಿಕ ಕಾರಣದಿಂದ ಐದನೇ ಪ್ಲಾಟ್‌ಫಾರಂನ ಬಸ್ಸು ತಡವಾಗಿ ಹೊರಡಲಿದೆ."

ಸ್ವಲ್ಪ ಹೊತ್ತಿಗೆ ಮತ್ತದೇ. ಆಮೇಲೆ ಮತ್ತೊಮ್ಮೆ. ಕೊನೆಗೆ ಅಕ್ಕನೇ ಮೆಟ್ಟಿಲು ಹತ್ತಿ ಬಂದಳು.

"ಅತ್ತೆ, ಆ ಬಸ್ಸು ಯಾವಾಗ ಬಿಡುತ್ತೆ?"

"ಕೂತ್ಕೋ. ಹೊಟ್ಟೆಗೇನಾದ್ರೂ ತಿಂದ್ಯಾ?"

"ಹೊಟ್ಟೆ ನೋವು."

"ಯಾವಾಗಿಂದ? ಎಲ್ಲಿ ನೋಯುತ್ತೆ, ತೋರಿಸು."

ಅಷ್ಟು ಕೇಳಿದ್ದೇ ತಡ, ಅಕ್ಕನ ದುಃಖದ ಕಟ್ಟೆಯೊಡೆಯಿತು. "ನಾನಿಲ್ದಿದ್ರೆ ಅವರಿಬ್ಬರೂ ತಾವೇ ಮಾತಾಡ್ಕೋಬೇಕಾಗುತ್ತಲ್ಲ ಅತ್ತೆ. ಅದಕ್ಕೇ ಹೋಗ್ತಿದ್ದೀನಿ. ನೀವು ತಡೆದ್ರೆ ನಾಳೆ ಹೋಗ್ತೀನಿ."

ಅತ್ತೆ ತಡೆಯುತ್ತೇನೆ ಎನ್ನಲಿಲ್ಲ. ಬಿಸಿನೀರು ತರಿಸಿ ಕುಡಿಸಿದರು. ನಮ್ಮ ಪಕ್ಕದ ಮನೆಯವರಿಗೆ ಫೋನ್ ಮಾಡಿ ಅಮ್ಮನಿಗೂ, ಅಪ್ಪ ಇಸ್ಪೀಟು ಆಡುವ ಕ್ಲಬ್ಬಿಗೆ ಮಾಡಿ ಅಪ್ಪನಿಗೂ, ಹುಡುಗಿ ನಿಲ್ದಾಣದಲ್ಲಿದ್ದಾಳೆ, ಐದನೇ ಪ್ಲಾಟ್‌ಫಾರಂಗೆ ಬನ್ನಿ ಎಂದು ಬೇರೆ ಬೇರೆಯಾಗಿ ಹೇಳಿದರು. ಅಮ್ಮ ನನ್ನನ್ನು ಎಳೆದುಕೊಂಡು ಬಂದಳು. ಅಪ್ಪ ಏದುಸಿರು ಬಿಡುತ್ತಾ ಬಂದರು. ಬೆಂಚಿನ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ನಡುವೆ ನಾನು.

ಅಪ್ಪ ನನ್ನ ಕಡೆ ತಿರುಗಿ, "ನಿಮ್ಮಮ್ಮನ್ನ ಕೇಳು, ಹುಡುಗಿ ಎಲ್ಲಿ ಅಂತ" ಎಂದರು. ಕಳೆದುಕೊಂಡ ನೌಕರಿ ತಾನಾಗಿ ಮರಳಿ ಬಂದ ಹುರುಪಿನಲ್ಲಿ ನಾನು ಬಾಯಿ ತೆರೆದೆ. ತಲೆಯ ಮೇಲೆ ಧ್ವನಿವರ್ಧಕ ಗೊರಗೊರ ಎಂದಿತು.

"ಪ್ರಯಾಣಿಕರ ಗಮನಕ್ಕೆ. ಐದನೇ ಪ್ಲಾಟ್‌ಫಾರಂನ ಬೆಂಚಿನ ಎರಡು ತುದಿಗಳಲ್ಲಿ ಕುಳಿತಿರುವ ಗಂಡ ಹೆಂಡತಿ ನೇರವಾಗಿ ಮಾತನಾಡಬೇಕಾಗಿ ವಿನಂತಿ. ಅಲ್ಲಿಯವರೆಗೆ ಬಸ್ಸು ಹೊರಡುವುದಿಲ್ಲ. ಮಧ್ಯದಲ್ಲಿರುವ ಹುಡುಗ ಬಾಯಿ ಮುಚ್ಚಿಕೊಂಡಿರತಕ್ಕದ್ದು."

ಬಸ್ಸಿನ ಕಿಟಕಿಗಳಿಂದ ಸಾಲಾಗಿ ತಲೆಗಳು ಹೊರಬಂದವು.

"ಮಾತಾಡಿ ಸ್ವಾಮಿ, ನಾವು ಊರು ಸೇರೋದು ಬೇಡ್ವಾ?" ಎಂದರು ಒಬ್ಬರು.

"ಅಮ್ಮಾ, ನೀವಾದ್ರೂ ಶುರು ಮಾಡಿ, ಗಂಡಸರಿಗೆ ಗೊತ್ತಾಗಲ್ಲ" ಎಂದರು ಹಿಂದಿನ ಸೀಟಿನಾಕೆ.

ಅಪ್ಪ ಗಂಟಲು ಸರಿಮಾಡಿಕೊಂಡರು. ನೆಲ ನೋಡುತ್ತಾ, "ನಿನ್ನೆ ಹೊಟ್ಟೆ ನೋವು ಅಂದ್ಲು. ನೀನು ಹೇಳಿಕೊಟ್ಟಿದ್ದು ಅಂದ್ಕೊಂಡೆ" ಎಂದರು.

"ನನಗೂ ಅಂದ್ಲು," ಎಂದಳು ಅಮ್ಮ. "ನೀವು ಕಳಿಸಿದ್ದು ಅಂದ್ಕೊಂಡೆ."

ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು. ಹಾಗಾದರೆ ಹೊಟ್ಟೆ ನೋವು ಹುಡುಗಿಯದೇ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಮ್ಮ ಮೆಟ್ಟಿಲ ಕಡೆ ಓಡಿದಳು. ಹಿಂದೆಯೇ ಅಪ್ಪ. ಅಕ್ಕ ಕೆಳಗಿಳಿದು ಬಂದಾಗ ಚೀಲ ಅಪ್ಪನ ಹೆಗಲಲ್ಲಿತ್ತು.

ಆ ರಾತ್ರಿ ಅಪ್ಪ ಅಮ್ಮ ಸ್ಕೂಟರಿನ ವಿಷಯವಾಗಿ ಬಾಯ್ತುಂಬ ಜಗಳವಾಡಿದರು, ನೇರವಾಗಿ, ಸೂರು ಹಾರಿಹೋಗುವಂತೆ. ಅಕ್ಕ ಆ ಗದ್ದಲದಲ್ಲೇ ಸುಖವಾಗಿ ನಿದ್ದೆ ಹೋದಳು. ಅಪ್ಪ ಅಮ್ಮ ಇಬ್ಬರೂ ಇಲ್ಲದ ಈ ದಿನಗಳಲ್ಲಿ ನನಗೆ ಆ ಜಗಳವನ್ನು ಇನ್ನೊಮ್ಮೆ ಕೇಳಬೇಕೆನಿಸುತ್ತದೆ. ಅತ್ತೆಗೆ ಮೇಲಧಿಕಾರಿಗಳಿಂದ ನೋಟಿಸು ಬಂತು. ಯಾವ ತಾಂತ್ರಿಕ ಕಾರಣವೆಂದು ಕೇಳಿದ್ದಕ್ಕೆ "ಸಂಪರ್ಕ ಕಡಿದುಹೋಗಿತ್ತು" ಎಂದು ಬರೆದುಕೊಟ್ಟರಂತೆ.

ಇದೆಲ್ಲ ನೆನಪಾದದ್ದು ಗಾಜಿನ ಗೂಡಿನಲ್ಲಿ ಕೂತು ಕೆಂಪು ಚಪ್ಪಲಿಯನ್ನು ಕುರ್ಚಿಯಡಿ ತಳ್ಳುತ್ತಿದ್ದಾಗ. ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು.

"ಜಗಳಾನಾ?"

"ಅಂಥದ್ದೇನಿಲ್ಲ ಅತ್ತೆ. ನಾಲ್ಕು ದಿನದಿಂದ ಮಾತಿಲ್ಲ, ಅಷ್ಟೇ."

"ಮತ್ತೆ ಇಲ್ಲಿಗೆ ಬರೋದನ್ನ ಅವಳಿಗೆ ಹೇಗೆ ಹೇಳ್ದೆ?"

"ಮಗಳ ಹತ್ರ ಹೇಳಿದ್ದೀನಿ, ನಿಮ್ಮಮ್ಮನಿಗೆ ಹೇಳು ಅಂತ..." ಎಂದವನು ಅರ್ಧಕ್ಕೇ ನಿಲ್ಲಿಸಿದೆ.

ಮಗಳಿಗೆ ಈಗ ಹದಿನಾಲ್ಕು. ಬೆಳಿಗ್ಗೆ ಅವಳೂ ನನಗೆ ಏನೋ ಹೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ನಾನೂ ಅಪ್ಪನಂತೆಯೇ ಕೇಳಿದ್ದೆನೆಂದು ನೆನಪಾಗಿ ಕಿವಿ ಬಿಸಿಯಾಯಿತು. ಅತ್ತೆ ಮೇಜಿನ ಮೇಲಿನ ಫೋನನ್ನು ನನ್ನ ಕಡೆ ಸರಿಸಿ, ಮೈಕಿನ ಧೂಳು ಒರೆಸತೊಡಗಿದರು.

"ಅತ್ತೆ," ಎಂದೆ ಎದ್ದು ನಿಲ್ಲುತ್ತಾ, "ನಮ್ಮ ಕಡೆಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ?"

"ನೀನು ಫೋನ್ ಮಾಡಿದ ಮೇಲೆ."