ರಬ್ಬರ್ ನಳಿಕೆ ಹಿಡಿಯುವ ಪುಟ್ಟಮಾದಯ್ಯ

“ಡಾಕ್ಟರ್ ನೀನಾ, ನಾನಾ? ಕಸ ಗುಡಿಸೋ ಕೈಗೆ ನಳಿಕೆ ಕೊಟ್ಟರೆ, ಹೊಟ್ಟೆ ನೋಡಿ ಅಂತ ನನಗೇ ಹೇಳಿಕೊಡ್ತೀಯ? ಇಳಿಯೋ ಕೆಳಗೆ.”

ಗುಂಡ್ಲುಪೇಟೆಯ ಈ ಖಾಸಗಿ ದವಾಖಾನೆಯ ಜಗಲಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ತೆರಕಣಾಂಬಿ, ಭೀಮನಬೀಡಿನಿಂದ ಬಂದ ರೋಗಿಗಳೆಲ್ಲ ಈ ಮಾತು ಕೇಳಿಸಿಕೊಳ್ಳುತ್ತಾರೆ. ಬೈಸಿಕೊಂಡ ಪುಟ್ಟಮಾದಯ್ಯನವರಿಗೆ ಐವತ್ತು ದಾಟಿದೆ. ಬೈದ ಡಾಕ್ಟರಿಗೆ ಅವರ ಮಗನಾಗುವಷ್ಟು ವಯಸ್ಸು. ಪುಟ್ಟಮಾದಯ್ಯ ಮೆಟ್ಟಿಲಿಳಿದು ಅಂಗಳಕ್ಕೆ ಬರುತ್ತಾರೆ. ಅಲ್ಲಿ ಅವರ ಅಕ್ಕ ರಾಚಮ್ಮ ಹೊಟ್ಟೆ ಅವುಚಿಕೊಂಡು ಕೂತಿದ್ದಾರೆ.

ಪುಟ್ಟಮಾದಯ್ಯನವರ ಕೆಲಸವೇನೆಂದು ಯಾರೋ ಹೇಳಿದಾಗ ನಾನು ನಂಬಿರಲಿಲ್ಲ. ಈಗ ಕಣ್ಣಾರೆ ನೋಡಿ ಪತ್ರಿಕೆಗೆ ಬರೆಯುತ್ತಿದ್ದೇನೆ. ಡಾಕ್ಟರು ಎದೆಬಡಿತ ಕೇಳುವ ಸ್ಟೆತಾಸ್ಕೋಪಿಗೆ ಮಾರುದ್ದದ ರಬ್ಬರ್ ನಳಿಕೆ ಸೇರಿಸಿದ್ದಾರೆ. ಅವರು ಹೊಸಿಲಿನ ಒಳಗೆ ಕುರ್ಚಿಯಲ್ಲಿ, ಕಿವಿಗೆ ಸಿಕ್ಕಿಸಿಕೊಂಡು. ಊರಾಚೆಯ ಕೇರಿಯ ಜನ ಹೊರಗೆ ಅಂಗಳದಲ್ಲಿ. ನಳಿಕೆಯ ಇನ್ನೊಂದು ತುದಿಯನ್ನು ಅವರ ಎದೆಗೆ ಒತ್ತುವುದು ಅದೇ ಕೇರಿಯ ಪುಟ್ಟಮಾದಯ್ಯ. ಹಣೆ ಮುಟ್ಟಿ ಜ್ವರ ಹೇಳುವುದೂ ಅವರೇ. ಉಳಿದ ಜಾತಿಯವರ ನಾಲಿಗೆ, ಕಣ್ಣು, ಹೊಟ್ಟೆಯನ್ನು ಡಾಕ್ಟರು ಕೈಯಾರೆ ನೋಡುತ್ತಾರೆ. ಕೇರಿಯವರಿಗೆ ಮಾತ್ರ ನಳಿಕೆಯಲ್ಲಿ ಕೇಳಿಸಿದ್ದಷ್ಟೇ ಕಾಯಿಲೆ. ಅಸ್ಪೃಶ್ಯತೆ ಅಪರಾಧವೆಂದು ೧೯೫೫ರಲ್ಲಿ ಕಾನೂನು ಬಂದು ಎರಡು ವರ್ಷವಾಯಿತು ಸ್ವಾಮಿ!

ಡಾಕ್ಟರ ಹೆಸರು ಬರೆಯಬೇಡಿ ಎಂದು ಪುಟ್ಟಮಾದಯ್ಯನವರೇ ಕೇಳಿಕೊಂಡಿದ್ದಾರೆ. ತಮ್ಮ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಪುಟ್ಟಮಾದಯ್ಯ ಗೌಡರೊಬ್ಬರ ಮನೆಯಲ್ಲಿ ಜೀತಕ್ಕಿದ್ದರು. ಜೀತ ಬಿಟ್ಟು, ಔಷಧಿ ಸಿಗುವ ಜಾಗದಲ್ಲಾದರೂ ಇರೋಣವೆಂದು ಇಲ್ಲಿ ಕಸ ಗುಡಿಸಲು ಸೇರಿದರು.

ಈ ದಿನ ದವಾಖಾನೆಗೆ ಪರೀಕ್ಷೆ. ಚಿಕಿತ್ಸೆ ಹೇಗಿದೆಯೆಂದು ನೋಡಲು ಮೈಸೂರಿನಿಂದ ಅಧಿಕಾರಿ ಬರುತ್ತಾರೆ. ಜಿಲ್ಲಾ ಬೋರ್ಡಿನ ಹಣದ ನೆರವು ಅವರ ಮಾತಿನ ಮೇಲೆ ನಿಂತಿದೆ. ಜೀಪಿನ ಸದ್ದು ಕೇಳಿದ್ದೇ ತಡ, ನಳಿಕೆ ಸುರುಳಿಯಾಗಿ ಬೀರು ಸೇರುತ್ತದೆ. ಡಾಕ್ಟರು ಕೇರಿಯವರನ್ನೆಲ್ಲ ಒಳಗೆ ಕರೆಯುತ್ತಾರೆ. ಜನ ಹೊಸಿಲು ದಾಟಲು ಹೆದರುತ್ತಾರೆ. ಪುಟ್ಟಮಾದಯ್ಯ ಅಕ್ಕನ ಕೈಹಿಡಿದು ಮೊದಲು ದಾಟಿಸುತ್ತಾರೆ.

ಅಧಿಕಾರಿಯ ಎದುರಿಗೆ ಡಾಕ್ಟರು ರಾಚಮ್ಮನ ಹೊಟ್ಟೆಯ ಮೇಲೆ ಕೈಯಿಡುತ್ತಾರೆ. ಆ ಕೈ ಅಲ್ಲೇ ನಿಂತುಬಿಡುತ್ತದೆ. ಯಾವಾಗಿನಿಂದ ನೋವು ಎಂದು ಕೇಳುವಾಗ ಅವರ ದನಿಯೇ ಇಳಿದಿದೆ.

“ಸಂಕ್ರಾಂತಿಯಿಂದ ಬತ್ತಾವ್ನಿ ಬುದ್ದಿ. ಎದೆ ಚೆಂದಾಗಿ ಅದೆ, ಓಗು ಅಂತಿದ್ರಿ. ಎದೆ ನೋಯ್ತದೆ ಅಂತ ನಾ ಯಾವತ್ತಂದಿದ್ದಿ?”

ಒಳಗೆ ತೆಂಗಿನಕಾಯಿ ಗಾತ್ರದ ಗೆಡ್ಡೆ. ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು, ತಡವಾಗಿದೆ ಎನ್ನುತ್ತಾರೆ ಡಾಕ್ಟರು. ಅಧಿಕಾರಿ ತಲೆದೂಗುತ್ತಾರೆ. ಕೈಯಾರೆ ಮುಟ್ಟಿ ನೋಡುವ ಇಂಥ ವೈದ್ಯರು ತಾಲ್ಲೂಕಿಗೊಬ್ಬರಿದ್ದರೆ ಸಾಕೆಂದು ಹೊಗಳಿ ಜೀಪು ಹತ್ತುತ್ತಾರೆ.

ಅಂಗಳದ ಮೂಲೆಯಲ್ಲಿ ಪುಟ್ಟಮಾದಯ್ಯ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. “ಅಕ್ಕನ್ ಎದ್ಗೆ ನಳಿಕೆ ಒತ್ತಿದ್ದು ಇದೇ ಕೈ ಕಣಪ್ಪ. ಒಂದ್ ಗೇಣು ಕೆಳಕ್ಕಿಟ್ಟಿದ್ರೆ ಸಿಕ್ಕೋದು. ಎದೆ ಚೆಂದಾಗಿ ಅದೆ ಅಂದ್ರು, ಇಷ್ಟ್ ದಿನ ನಾನೂ ನಂಬ್ಬುಟ್ಟಿ.” ಏನಾಸೆ ನಿಮಗೆ ಎಂದು ಕೇಳುತ್ತೇನೆ. “ಅವ್ಳು ಮೈಸೂರಿಂದ ನಡ್ಕಂಡು ವಾಪಸ್ ಬರ್ಲಿ. ಇನ್ನೇನ್ ಬ್ಯಾಡ ಬುಡು.”

ಮೈಸೂರು ಬಸ್ಸಿಗೆ ಹೊತ್ತಾಗಿದೆ. ಅಕ್ಕನ ತೋಳನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಡಾಕ್ಟರು ಆಗಲೇ ಬೀರುವಿನಿಂದ ನಳಿಕೆ ತೆಗೆದು ಹೊಸಿಲಿಗೆ ಬಂದಿದ್ದಾರೆ.

“ನಾಳೆ ಈ ಜನಕ್ಕೆ ನಳಿಕೆ ಹಿಡಿಯೋರು ಯಾರೋ?”

ಅಂಗಳದಲ್ಲಿದ್ದವರೆಲ್ಲ ಪುಟ್ಟಮಾದಯ್ಯನವರ ಕಡೆ ತಿರುಗುತ್ತಾರೆ. ಅವರು ಅಕ್ಕನ ಸೆರಗು ಸರಿಮಾಡಿ, ಬಸ್ ನಿಲ್ದಾಣದ ದಾರಿ ಹಿಡಿಯುತ್ತಾರೆ.