ಹೆಸರು ತಪ್ಪಿದ ದವಡೆಯ ಅಚ್ಚು

ದಂತರಚನಾಶಾಸ್ತ್ರವನ್ನು ಹಳ್ಳಿಗಾಡಿನ ಮಕ್ಕಳಿಗೆ ಕನ್ನಡದಲ್ಲೇ ಬಿಡಿಸಿ ಹೇಳಿದ ಕೆಲವೇ ಪ್ರಾಧ್ಯಾಪಕರಲ್ಲಿ ಪೂಜ್ಯ ಡಾ. ಸಂಗಯ್ಯ ಮಠಪತಿಯವರು ಒಬ್ಬರು. ಬನವಾಸಿಯ ಕಡೆಯಿಂದ ಬಂದು ಶಿರಸಿಯ ನಮ್ಮ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಕಲಿಸಿದ ಅವರು, ಅಂಗೈಗಿಟ್ಟ ಒಂಟಿ ಹಲ್ಲು ಎಡದ್ದೋ ಬಲದ್ದೋ ಎಂಬುದನ್ನು ಕಣ್ಣುಮುಚ್ಚಿ ಸವರಿಯೇ ಹೇಳುತ್ತಿದ್ದರು. ಈ ಅಭಿನಂದನ ಗ್ರಂಥದ ಸಂಪಾದಕರು ನನ್ನಿಂದ ಅವರ ಗುಣಗಾನ ಬಯಸಿದ್ದಾರೆ. ಮಾಡುತ್ತೇನೆ, ಆದರೆ ನನ್ನ ತಪ್ಪೊಪ್ಪಿಗೆಯಿಲ್ಲದೆ ಅದು ಪೂರ್ತಿಯಾಗದು.

ಮೊದಲ ವರ್ಷ ಮೇಣದಲ್ಲಿ ನಾನು ಕೆತ್ತಿದ ಕೋರೆಹಲ್ಲನ್ನು ನೋಡಿ, “ಶರಣಾ, ಇದು ಹಲ್ಲಲ್ಲಪಾ, ಗೇರುಬೀಜ ಆಗೇತಿ” ಎಂದು ನಕ್ಕವರು, ಮರುದಿನ ತಮ್ಮದೇ ಕೆತ್ತುಗತ್ತಿಯನ್ನು ನನಗೆ ಕೊಟ್ಟು, ಆರು ಭಾನುವಾರ ಜೊತೆಗೆ ಕುಳಿತು ಕೈ ತಿದ್ದಿದರು.

ಪ್ರತಿ ವಿದ್ಯಾರ್ಥಿಯೂ ತನ್ನ ದವಡೆಯ ಪ್ಲಾಸ್ಟರ್ ಅಚ್ಚು ಮಾಡಿ, ಹೆಸರು ಬರೆದು ಒಪ್ಪಿಸಬೇಕೆಂಬುದು ಅವರ ನಿಯಮ. ಅವನ್ನೆಲ್ಲ ಅವರು ಬೀರುವಿನಲ್ಲಿ ಜೋಪಾನವಾಗಿಡುತ್ತಿದ್ದರು. ನನ್ನ ಗೆಳೆಯ, ಕಾನಸೂರಿನ ಸುಹಾಸನಿಗೆ ಅಚ್ಚಿನ ಹಿಟ್ಟು ಬಾಯಿಗಿಟ್ಟರೆ ವಾಂತಿ. ನಾನು ನನ್ನದೇ ದವಡೆಯ ಎರಡನೇ ಅಚ್ಚು ತೆಗೆದು, ಪತ್ತೆಯಾಗದಿರಲೆಂದು ಒಂದು ಹಲ್ಲಿನ ಉಬ್ಬನ್ನು ಕೆರೆದು, ಅವನ ಹೆಸರು ಬರೆದು ಒಪ್ಪಿಸಿದೆ. ಇಬ್ಬರೂ ಒಂದು ವಾರ ನಕ್ಕೆವು.

ನಾವು ಅಂತಿಮ ವರ್ಷದಲ್ಲಿದ್ದಾಗ ಯಲ್ಲಾಪುರದ ಘಟ್ಟದಲ್ಲಿ ಕಾರೊಂದು ಉರುಳಿ ಹೊತ್ತಿ ಉರಿಯಿತು. ಸಿಕ್ಕ ಶವದ ಗುರುತು ಹತ್ತಲಿಲ್ಲ. ಅಂದಿನಿಂದ ಸುಹಾಸ ಕಾಣೆ. ವಂಶವಾಹಿ ಪರೀಕ್ಷೆಯ ವರದಿ ತಡವಾಗುವುದೆಂದು ಪೊಲೀಸರು ಗುರುಗಳ ಮೊರೆಹೊಕ್ಕರು. ಅವರು ಬೀರುವಿನಿಂದ ಸುಹಾಸನ ಹೆಸರಿನ ಅಚ್ಚು ತೆಗೆದು, ಶವದ ಹಲ್ಲುಗಳೊಡನೆ ತಾಳೆನೋಡಿ, ‘ಇದು ಸುಹಾಸನಲ್ಲ’ ಎಂದು ಬರೆದುಕೊಟ್ಟರು. ದೀಪ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು, ಪದವಿ ಕೈತಪ್ಪೀತೆಂದು ತುಟಿಪಿಟಕ್ಕೆನ್ನಲಿಲ್ಲ. ಅಂದಿನಿಂದ ನಾನು ನನ್ನ ಬಗ್ಗೆ ಅಸಹ್ಯಪಟ್ಟುಕೊಳ್ಳದ ದಿನವಿಲ್ಲ.

ಏಳು ತಿಂಗಳ ನಂತರ ವರದಿ ಬಂತು. ಸತ್ತವನು ಸುಹಾಸನೇ ಆಗಿದ್ದ.

ಗುರುಗಳು ನನ್ನನ್ನು ಕರೆದುಕೊಂಡೇ ಕಾನಸೂರಿಗೆ ಹೋಗಿ, ಸುಹಾಸನ ತಾಯಿ ದೇವಕಿಯಮ್ಮನವರೆದುರು ಕೈಮುಗಿದು, “ನನ್ನ ಕಣ್ಣು ತಪ್ಪೇತಿ ತಾಯಿ” ಎಂದರು. ಆಕೆ ಅಳಲಿಲ್ಲ. “ಏಳು ತಿಂಗ್ಳು ನಾ ದಿನಾ ಅವಂಗೆ ಊಟದ ಎಲೆ ಹಾಕಿದ್ದಿ” ಎಂದಷ್ಟೇ ಹೇಳಿ ಒಳಗೆ ಹೋದರು. ಕಾಲೇಜಿನ ವಿಚಾರಣೆಯಲ್ಲೂ ಗುರುಗಳು, “ತಪ್ಪು ನಂದು. ಬ್ಯಾರೆ ಯಾರ ಹೆಸರೂ ಬರೀಬ್ಯಾಡ್ರಿ” ಎಂದರು. ಅಚ್ಚಿನ ಮೋಸ ಅವರಿಗೆ ತಿಳಿದಿತ್ತೇ? ಕೇಳುವ ಧೈರ್ಯ ಒಂಬತ್ತು ವರ್ಷಗಳಲ್ಲಿ ನನಗೆ ಬರಲಿಲ್ಲ. ಪ್ರಾಂಶುಪಾಲ ಹುದ್ದೆ ಅವರ ಕೈತಪ್ಪಿತು, ಪೊಲೀಸರು ಮತ್ತೆ ಅವರ ಬಳಿಗೆ ಬರಲಿಲ್ಲ, ಅವರೂ ಅಂಥ ಕೆಲಸ ಮುಟ್ಟಲಿಲ್ಲ.

ಗುರುಗಳ ಕಣ್ಣು ತಪ್ಪಿರಲಿಲ್ಲ. ಅವರು ಕಂಡದ್ದು ಸತ್ಯ, ನಾನು ಬರೆದ ಹೆಸರು ಸುಳ್ಳು. ಈ ಲೇಖನದ ಕರಡು ಪ್ರತಿಯನ್ನು ಹೋದ ವಾರ ದೇವಕಿಯಮ್ಮನವರಿಗೆ ಕೊಟ್ಟೆ. ಎದುರಿಗೇ ಓದಿ, ಮಡಿಸಿ ನನ್ನ ಕೈಗೆ ಮರಳಿಸಿ, ಬಾಗಿಲು ಹಾಕಿಕೊಂಡರು.

ಗುರುಗಳು ನೂರ್ಕಾಲ ಬಾಳಲಿ. ಬಿಟ್ಟ ಕೆಲಸಕ್ಕೆ ಮತ್ತೆ ಕೂರಲಿ, ಅವರ ಮಾತಿಗೆ ಹಿಂದಿನ ಬೆಲೆ ಬರಲಿ. ನನ್ನನ್ನು ಕ್ಷಮಿಸುವ ಶ್ರಮವನ್ನು ಮಾತ್ರ ಅವರು ತೆಗೆದುಕೊಳ್ಳದಿರಲಿ.